ಅಳತೆಗೆ ಬರುವಂಥದ್ದು

ದೊಡ್ಡಬಳ್ಳಾಪುರ
4 ಜೂನ್ 2023

ಚೌಡೇಶ್ವರಿ,

ಆಶೀರ್ವಾದ. ಅದನ್ನು ಮೊದಲೇ ಬರೆದುಬಿಟ್ಟಿದ್ದೇನೆ, ಪತ್ರ ಮುಗಿಯುವ ಹೊತ್ತಿಗೆ ಆ ಮನಸ್ಸು ಉಳಿದಿರುತ್ತದೋ ಇಲ್ಲವೋ ಗೊತ್ತಿಲ್ಲ.

ನೀನು ಕಳಿಸಿದ ನಿಮ್ಮ ಸಂಸ್ಥೆಯ ವಾರ್ಷಿಕ ವರದಿ ತಲುಪಿತು. ಹೊಳೆಯುವ ಕಾಗದ, ಪುಟಕ್ಕೊಂದು ನಗುವ ಮಗು, ಮಗುವಿನ ಕಿವಿಯ ಹಿಂದೊಂದು ಮಿಷನ್ನು. ಕೊನೆಯ ಪುಟದಲ್ಲಿ ವರದಿ ಬರೆದವಳು ಅಂತ ನಿನ್ನ ಹೆಸರು. ನಿನ್ನ ತಮ್ಮ ನಂದನ್ ಅದನ್ನು ಹಿಡಿದುಕೊಂಡು ಬೀದಿಯೆಲ್ಲ ಸುತ್ತಿ ಬಂದ. "ನಮ್ಮಕ್ಕ ಇಂಗ್ಲಿಷಲ್ಲಿ ಪುಸ್ತಕ ಬರ್ದವ್ಳೆ ಕಣ್ರಲಾ" ಅಂದನಂತೆ. ಬೀದಿಯವರು ಬಿಡಿಸಿ ಓದಲಿಲ್ಲ, ಅದು ನಿನ್ನ ಪುಣ್ಯ. ನಾನು ಓದಿದೆ. ಹೈಸ್ಕೂಲಿನಲ್ಲಿ ಇಪ್ಪತ್ತೊಂಬತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದ ಕೈ ಇದು, ಕೆಂಪು ಪೆನ್ನಿಲ್ಲದೆ ಓದಲು ಬರುವುದಿಲ್ಲ.

ಮೆಷರಬಲ್ ಅನ್ನುವ ಪದವನ್ನು ಒಗ್ಗರಣೆಗೆ ಸಾಸಿವೆ ಹಾಕಿದ ಹಾಗೆ ಎಲ್ಲ ಪುಟದಲ್ಲೂ ಚೆಲ್ಲಿದ್ದೀಯ. ಮೆಷರಬಲ್ ಚೇಂಜ್, ಮೆಷರಬಲ್ ಇಂಪ್ರೂವ್‌ಮೆಂಟ್. ಹನ್ನೊಂದನೇ ಪುಟದಲ್ಲಂತೂ ಮೆಷರಬಲ್ ಜಾಯ್! ಮಕ್ಕಳ ಸಂತೋಷಕ್ಕೆ ಯಾವ ಗಜಕಡ್ಡಿ ಇಟ್ಟೆ ತಾಯಿ? ಎಷ್ಟು ಮೊಳ ಬಂತು?

ಇನ್ನೊಮ್ಮೆ ಹೇಳುತ್ತೇನೆ, ಕೇಳಿಸಿಕೋ. ಅಳತೆಗೆ ಬರುವಂಥದ್ದಕ್ಕೆ ಮಾತ್ರ ಆ ಪದ. ಅದನ್ನು ಬರೆಯುವವಳ ಕೈಯಲ್ಲಿ ಒಂದು ಅಳತೆಗೋಲಿರಬೇಕು, ಕೇಳಿದರೆ ಹೇಳಲು ಒಂದು ಸಂಖ್ಯೆಯಿರಬೇಕು. ನಮ್ಮ ಮಗ್ಗದಿಂದ ಇಳಿಯುವ ಸೀರೆಯ ಉದ್ದ ಮೆಷರಬಲ್. ಸೀರೆ ಚೆನ್ನಾಗಿದೆ ಅನ್ನುವುದು ಅಂಗಡಿಯವನ ಬಾಯಿಮಾತು. ತುಂಬ, ಸ್ವಲ್ಪ, ಬಹಳ ಮಟ್ಟಿಗೆ, ಇವೆಲ್ಲ ಅಳೆಯಲು ಸೋಮಾರಿಯಾದವರ ಪದಗಳು. ಎಂಟನೇ ಕ್ಲಾಸಿನಲ್ಲಿ ನಿನ್ನನ್ನು ಬೆಂಚಿನ ಮೇಲೆ ನಿಲ್ಲಿಸಿ ಇದನ್ನೇ ಹೇಳಿದ್ದೆ. ಸ್ವಂತ ಮಗಳು ಅಂತ ಬಿಟ್ಟಿದ್ದರೆ ಮಿಕ್ಕ ಹುಡುಗಿಯರು ನನ್ನನ್ನು ಏನೆಂದುಕೊಳ್ಳುತ್ತಿದ್ದರು?

ವರದಿಯನ್ನು ತಿದ್ದಿ ಇದರ ಜೊತೆ ವಾಪಸ್ ಕಳಿಸಿದ್ದೇನೆ. ಹತ್ತಕ್ಕೆ ಮೂರು.

ಫೋನ್ ಮಾಡಬೇಡ. ಆರು ಮಗ್ಗದ ಸದ್ದಿನಲ್ಲಿ ಸವೆದ ಕಿವಿ ನನ್ನದು, ಫೋನಿನಲ್ಲಿ ನೊಣ ಗುಂಯ್ಗುಟ್ಟಿದ ಹಾಗೆ ಕೇಳುತ್ತದೆ ಅಷ್ಟೇ. ಮೊಬೈಲಿನಲ್ಲಿ ನೀನು ಬರೆಯುವ ಅರ್ಧಂಬರ್ಧ ಪದಗಳನ್ನು ನಾನು ಓದುವುದಿಲ್ಲ. ಪತ್ರ ಬರಿ, ತಿದ್ದಲು ಅನುಕೂಲ.

ನಿನ್ನ ತಾಯಿ,
ರುಕ್ಮಿಣಮ್ಮ


ನೆಲಮಂಗಲ
19 ಜೂನ್ 2023

ಅಮ್ಮ,

ವರದಿ ಬಂತು. ಲಕೋಟೆ ಬಿಚ್ಚಿದಾಗ ಪಕ್ಕದ ಮೇಜಿನವರು ಅಷ್ಟು ಕೆಂಪು ನೋಡಿ ಏನಿದು ಅಂದರು. ಅಮ್ಮ ಕಳಿಸಿದ್ದು ಅಂದೆ, ನಕ್ಕರು. ನೀನು ಹೇಳಿದ್ದು ಸರಿ. ಸಂತೋಷಕ್ಕೆ ಆ ಪದ ಹಾಕಬಾರದಿತ್ತು. ಹಣ ಕೊಡುವವರಿಗೆ ಆ ಪದ ಕಂಡರೆ ಇಷ್ಟ, ಅದಕ್ಕೆ ಬರೆಯುತ್ತೇವೆ. ಇನ್ನು ಮೇಲೆ ಬರೆಯುವುದಿಲ್ಲ.

ಆದರೆ ನಾನು ಈಗ ಬರೆಯುತ್ತಿರುವುದು ವರದಿಯ ವಿಷಯಕ್ಕಲ್ಲ. ಮೂರು ತಿಂಗಳಿಂದ ಹೇಗೆ ಹೇಳುವುದು ಅಂತ ಒದ್ದಾಡುತ್ತಿದ್ದೆ.

ಯುಗಾದಿಗೆ ಬಂದಿದ್ದೆನಲ್ಲ. ಅವತ್ತು ಮಗ್ಗಗಳಿಗೆ ಪೂಜೆ, ಎಲ್ಲ ನಿಂತಿದ್ದವು, ಮನೆಯಲ್ಲಿ ನಾವು ಮಾತಾಡಿದ್ದು ನಮಗೇ ಕೇಳುತ್ತಿತ್ತು. ನಂದನ್ ಮಗಳು ಚಿನ್ನಿ ಮಂಚದ ಮೇಲೆ ಹಾಸಿಗೆಯಲ್ಲಿ ಕೂತು ನೂಲು ಸುತ್ತುವ ಖಾಲಿ ಕಂಡಿಕೆಗಳನ್ನು ಸಾಲಾಗಿ ಜೋಡಿಸುತ್ತಿದ್ದಳು. ಅಡುಗೆಮನೆಯಲ್ಲಿ ಅವಳಮ್ಮ ಬಿಂದುಶ್ರೀ ಕೈಯಿಂದ ಹಿತ್ತಾಳೆ ಪರಾತ ಜಾರಿತು. ನಾವೆಲ್ಲ ಬೆಚ್ಚಿದೆವು. ನೀನೂ ತಿರುಗಿದೆ ಅಮ್ಮ. ಚಿನ್ನಿ ತಿರುಗಲಿಲ್ಲ. ಆಮೇಲೆ ನಾನು ಹಿಂದೆ ನಿಂತು ಹೆಸರು ಹಿಡಿದು ಕರೆದೆ. ಮತ್ತೆ ಮತ್ತೆ ಕರೆದೆ. ಕಂಡಿಕೆ ಜೋಡಿಸುತ್ತಲೇ ಇದ್ದಳು.

ಅವಳಿಗೆ ಎರಡೂವರೆ ದಾಟಿದೆ. ಇನ್ನೂ ಒಂದು ಪದ ಬಾಯಿಂದ ಬಂದಿಲ್ಲ. ನಮ್ಮಲ್ಲಿ ಕಿವಿ ಪರೀಕ್ಷೆಯ ಕೋಣೆಯಿದೆ, ಒಂದು ಗಂಟೆಯ ಕೆಲಸ, ಸೂಜಿ ಗೀಜಿ ಏನೂ ಇಲ್ಲ. ಕೇಳಿಸುವುದಿಲ್ಲ ಅಂತ ಗೊತ್ತಾದರೆ ಆಪರೇಷನ್ ಮಾಡಿಸಿ ಕಿವಿಯೊಳಗೆ ಯಂತ್ರ ಇಡಿಸಬಹುದು, ಮಾತು ಕಲಿಯುತ್ತಾಳೆ. ನಮ್ಮ ಸಂಸ್ಥೆಗೆ ಹಣ ಕೊಡುವವರ ಷರತ್ತು ಒಂದೇ, ಮಗುವಿಗೆ ನಾಲ್ಕು ತುಂಬಿರಬಾರದು. ಚಿನ್ನಿಗೆ ನಾಲ್ಕು ತುಂಬುವುದು ಬರುವ ವರ್ಷ ಸೆಪ್ಟೆಂಬರಿಗೆ. ಸಮಯ ಇದೆ.

ನಂದನ್‌ಗೆ ಹೇಳಿದೆ. "ಅಮ್ಮನ್ನ ಕೇಳಕ್ಕ" ಅಂದ. ಅದಕ್ಕೆ ಕೇಳುತ್ತಿದ್ದೇನೆ. ನನ್ನ ಮೇಲಿನ ಸಿಟ್ಟು ನನ್ನ ಮೇಲೇ ಇರಲಿ, ಮಗುವನ್ನು ಒಂದು ಸಲ ಕಳಿಸಿಕೊಡು.

ಚೌಡೇಶ್ವರಿ


ದೊಡ್ಡಬಳ್ಳಾಪುರ
6 ಆಗಸ್ಟ್ 2023

ಚೌಡೇಶ್ವರಿ,

ನಿನ್ನ ಪತ್ರ ತಿದ್ದಿ ಇಟ್ಟಿದ್ದೇನೆ, ನೋಡಿಕೋ. ಹತ್ತಕ್ಕೆ ಎರಡು. ವರದಿಗಿಂತ ಒಂದು ಕಡಿಮೆ.

"ಮತ್ತೆ ಮತ್ತೆ ಕರೆದೆ." ಎಷ್ಟು ಸಲ? "ಹಿಂದೆ ನಿಂತು." ಎಷ್ಟು ಅಡಿ ಹಿಂದೆ? ಒಂದು ಹಬ್ಬದ ದಿನ ಹೋಳಿಗೆ ತಿಂದು ಹೋಗುವವಳು ಮಗುವಿನ ಕಿವಿ ಅಳೆದುಬಿಟ್ಟಳು! ಆಟದಲ್ಲಿ ಮುಳುಗಿದ ಮಗು ಯಾರು ಕರೆದರೆ ತಿರುಗುತ್ತದೆ? ನೀನೂ ತಿರುಗುತ್ತಿರಲಿಲ್ಲ, ನೀನು ಮಾತ್ರ ಬೇಕೆಂದೇ ಹಾಗೆ ಮಾಡುತ್ತಿದ್ದೆ.

ನಾನು ನಿನ್ನ ಹಾಗಲ್ಲ. ಅಳೆದೆ. ಚಿನ್ನಿಯನ್ನು ಮಗ್ಗದ ಮನೆಯ ನೆಲದ ಮೇಲೆ, ಮಗ್ಗಗಳಿಗೆ ಬೆನ್ನು ಮಾಡಿ ಕೂರಿಸಿದೆ. ಮುಂದೆ ಕನ್ನಡಿಯಿಲ್ಲ, ನೆರಳು ಬೀಳುವುದಿಲ್ಲ, ಅದೆಲ್ಲ ನೋಡಿಕೊಂಡೆ. ಆರೂ ಮಗ್ಗ ಓಡುತ್ತಿದ್ದವು. ನಂದನ್‌ಗೆ ಕಣ್ಣಲ್ಲೇ ಸನ್ನೆ ಮಾಡಿ ಮೈನ್ ಸ್ವಿಚ್ಚು ಆರಿಸಲು ಹೇಳಿದೆ. ಸದ್ದು ನಿಂತಿತು, ಮಗು ತಟ್ಟನೆ ತಿರುಗಿತು. ಮತ್ತೆ ಹಾಕಿಸಿದೆ, ಮತ್ತೆ ಆರಿಸಿದೆ. ಹತ್ತು ಸಲ ನಿಲ್ಲಿಸಿದೆ, ಹತ್ತು ಸಲವೂ ತಿರುಗಿದಳು. ನಗುತ್ತ ತಿರುಗಿದಳು. ಹತ್ತಕ್ಕೆ ಹತ್ತು. ಇದಕ್ಕೆ ಹೇಳುತ್ತಾರೆ ಮೆಷರಬಲ್ ಅಂತ. ನಿನ್ನ ಮುಂದಿನ ವರದಿಗೆ ಬೇಕಾದರೆ ತೆಗೆದುಕೋ.

ಮಾತಾಡುವುದಿಲ್ಲ ಅಂದೆ. ದಿನವಿಡೀ ಬಾಯಾಡಿಸುತ್ತಾಳೆ. ಮಗ್ಗದ ಮನೆಯಲ್ಲಿ ಯಾರು ಗಂಟಲಿನಿಂದ ಮಾತಾಡುತ್ತಾರೆ? ತುಟಿ ನೋಡಿ, ಕೈ ನೋಡಿ ಮಾತಾಡಿಕೊಂಡೇ ನಾವು ಮೂರು ತಲೆಮಾರು ಬದುಕಿದೆವು. ಅವಳು ನೀರು ಬೇಕಾದರೆ ಕೈ ತೋರಿಸುತ್ತಾಳೆ, ಅಪ್ಪ ಅನ್ನಬೇಕಾದರೆ ತುಟಿ ಕೂಡಿಸುತ್ತಾಳೆ. ನೇಕಾರರ ಮಗು.

ಇನ್ನೊಂದು ವಿಷಯ. ಇಲ್ಲೇ ನಮ್ಮ ತಾಲ್ಲೂಕಿನ ಮಧುರೆಗೆ, ಅವರಮ್ಮನ ತವರಿಗೆ ಕರೆದುಕೊಂಡು ಹೋದರೆ ಈ ಮಗು ಗೊಂಬೆ ಕೂತ ಹಾಗೆ ಕೂತಿರುತ್ತದಂತೆ. ಅತ್ತ ಇತ್ತ ತಿರುಗುವುದಿಲ್ಲ, ನಗುವುದಿಲ್ಲ. ಇಲ್ಲಿಗೆ ಬಂದು ಮಗ್ಗದ ಮನೆಯ ಹೊಸ್ತಿಲು ದಾಟಿದ ಕೂಡಲೇ ಮುಖ ಅರಳುತ್ತದೆ. ಅಜ್ಜಿಯನ್ನು ಬಿಟ್ಟಿರಲಾರಳು ಅಂತ ಬೀಗರೇ ಒಪ್ಪಿಕೊಂಡಿದ್ದಾರೆ. ಎರಡು ದಿನಕ್ಕಿಂತ ಹೆಚ್ಚು ಅಲ್ಲಿಗೆ ಕಳಿಸುವುದಿಲ್ಲ ನಾನು.

ನಿನಗೆ ನಿಮ್ಮ ಪುಸ್ತಕದಲ್ಲಿ ಹಾಕಲು ಇನ್ನೊಂದು ಕಿವುಡು ಮಗುವಿನ ಫೋಟೋ ಬೇಕು. ಅದಕ್ಕೆ ನನ್ನ ಮೊಮ್ಮಗಳನ್ನು ಹುಡುಕಬೇಡ. ನಿನಗೆ ಮಕ್ಕಳಿಲ್ಲ, ಮದುವೆಯಿಲ್ಲ, ಕಂಡವರ ಮಕ್ಕಳಲ್ಲಿ ಕೊರತೆ ಹುಡುಕುವುದೇ ಸಂಬಳದ ಕೆಲಸ. ಬರೆಯಬಾರದು ಅಂದುಕೊಂಡೆ, ಬರೆದೆ.

ರುಕ್ಮಿಣಮ್ಮ


ನೆಲಮಂಗಲ
20 ಆಗಸ್ಟ್ 2023

ಅಮ್ಮ,

ನನ್ನ ಮದುವೆಯ ವಿಷಯಕ್ಕೆ ಬರುವುದಿಲ್ಲ. ನೀನು ಬರೆದಿದ್ದು ಓದಿ ಒಂದು ವಾರ ಪತ್ರ ಮುಟ್ಟಲಿಲ್ಲ. ಆಮೇಲೆ ಮತ್ತೆ ತೆಗೆದು ಓದಿದೆ. ಆಗ ಹೊಳೆಯಿತು.

ಈ ಪತ್ರ ಕೆಳಗಿಟ್ಟು ಮಗ್ಗದ ಮನೆಗೆ ಹೋಗು. ಚಿನ್ನಿಯನ್ನು ಕೂರಿಸಿದೆಯಲ್ಲ, ಆ ಚಪ್ಪಡಿ ಕಲ್ಲಿನ ಮೇಲೆ ಅಂಗೈ ಇಡು. ಆರು ಮಗ್ಗ ಓಡುವಾಗ ಕಲ್ಲು ನಡುಗುತ್ತದೆ. ಹುಟ್ಟಿದಾಗಿನಿಂದ ಆ ನಡುಕದ ಮೇಲೇ ನಡೆದಿದ್ದೇವೆ, ನಮ್ಮ ಕಾಲಿಗೆ ಅದು ಗೊತ್ತೇ ಆಗುವುದಿಲ್ಲ. ನಂದನ್ ಸ್ವಿಚ್ಚು ಆರಿಸಿದಾಗ ನಿಂತದ್ದು ಬರೀ ಸದ್ದಲ್ಲ ಅಮ್ಮ, ನಡುಕವೂ ನಿಂತಿತು. ಕಾಲಿನ ಕೆಳಗೆ ನೆಲ ಸತ್ತ ಹಾಗಾಗಿ ಮಗು ತಿರುಗಿತು. ಅವಳಿಗೆ ಗೊತ್ತಿರುವ ಸದ್ದು ಅದೊಂದೇ. ಯುಗಾದಿಗೆ ಮಗ್ಗ ನಿಂತಿದ್ದವು, ಅವಳು ಮಂಚದ ಮೇಲಿದ್ದಳು. ಪರಾತ ಬಿದ್ದದ್ದು ಗೊತ್ತಾಗಲಿಲ್ಲ.

ಮಧುರೆಯಲ್ಲಿ ಮಗ್ಗವಿಲ್ಲ. ಮಣ್ಣಿನ ನೆಲ, ಮೆತ್ತಗಿನ ಅಂಗಳ. ಅಲ್ಲಿ ಅವಳಿಗೆ ಏನೂ ಇಲ್ಲ. ಗೊಂಬೆಯ ಹಾಗೆ ಕೂರುವುದು ಅದಕ್ಕೆ. ನಿನ್ನ ಮೇಲಿನ ಪ್ರೀತಿಗಲ್ಲ.

ಇದನ್ನು ಪರೀಕ್ಷೆ ಮಾಡುವುದು ಸುಲಭ. ನಂದನ್ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬೀದಿ ಕೊನೆಯ ಮೈದಾನಕ್ಕೆ ಹೋಗಲಿ. ನೀನು ಹಿಂದೆ ನಿಂತು ಚಪ್ಪಾಳೆ ತಟ್ಟು. ಎಷ್ಟು ಸಲ ಬೇಕಾದರೂ ತಟ್ಟು, ಎಷ್ಟು ಅಡಿ ಅಂತ ಅಳೆದುಕೊಂಡೇ ತಟ್ಟು. ನೀನು ನಿನ್ನ ಕಣ್ಣಿಂದ ನೋಡಿದರೆ ಸಾಕು, ಬೈದರೂ ಪರವಾಗಿಲ್ಲ, ಸೊನ್ನೆ ಕೊಟ್ಟರೂ ಪರವಾಗಿಲ್ಲ.

ಕಿವಿ ಅಳತೆಗೆ ಬರುವಂಥದ್ದು ಅಮ್ಮ. ಆ ಪದವನ್ನು ನಾನು ಈಗ ಸರಿಯಾಗಿ ಬಳಸುತ್ತಿದ್ದೇನೆ. ಅಳೆಯಲು ಬಿಡು.

ಚೌಡೇಶ್ವರಿ


ದೊಡ್ಡಬಳ್ಳಾಪುರ
10 ಡಿಸೆಂಬರ್ 2023

ಚೌಡೇಶ್ವರಿ,

ನಾನು ಉತ್ತರ ಕೊಡಲಿಲ್ಲ ಅಂತ ನೀನು ನನ್ನ ಸೊಸೆಗೆ ಫೋನ್ ಮಾಡಿದ್ದೀಯ. ನನಗೆ ಕಿವಿ ಮಂದ, ಕಣ್ಣು ಮಂದವಲ್ಲ. ಹಿತ್ತಲಲ್ಲಿ ನಿಂತು ಅಳುತ್ತ ಮಾತಾಡುತ್ತಿದ್ದವಳ ತುಟಿಯಲ್ಲೇ ನಿನ್ನ ಹೆಸರು ಓದಿದೆ. ಅವಳ ಫೋನು ಈಗ ನನ್ನ ಬೀರುವಿನಲ್ಲಿದೆ.

ಮೈದಾನಕ್ಕೆ ಹೋಗಿ ಚಪ್ಪಾಳೆ ತಟ್ಟಬೇಕಂತೆ! ರುಕ್ಮಿಣಮ್ಮ ಮೇಡಂ ಮೊಮ್ಮಗಳ ಹಿಂದೆ ನಿಂತು ಚಪ್ಪಾಳೆ ತಟ್ಟುತ್ತಿದ್ದಾರೆ, ಮಗು ಕಿವುಡಂತೆ ಅಂತ ಊರು ಆಡಿಕೊಳ್ಳಬೇಕು ಅಲ್ಲವೇ? ಹೆಣ್ಣುಮಗು ಅದು. ಒಂದು ಸಲ ಕಿವುಡಿ ಅಂತ ಹೆಸರು ಬಿದ್ದರೆ ಸಾಯುವವರೆಗೂ ಅದೇ ಹೆಸರು. ನಂದನ್ ಕೂಡ ಮೂರೂವರೆ ವರ್ಷಕ್ಕೆ ಮಾತಾಡಿದವನು, ನಿನಗೆ ನೆನಪಿಲ್ಲ.

ನೀನು ನನಗೆ ಪಾಠ ಹೇಳಿಕೊಟ್ಟಿದ್ದೀಯ, ಗುರುದಕ್ಷಿಣೆ ಕೊಡಬೇಕಲ್ಲ. ನಿಮ್ಮ ಸಂಸ್ಥೆಯ ಮೇಲಿನವರು ಹರಿಪ್ರಸಾದ್ ಅನ್ನುವವರಿಗೆ ಎರಡು ಪುಟದ ಇಂಗ್ಲಿಷ್ ಪತ್ರ ಬರೆದಿದ್ದೇನೆ. ಅಳೆಯದೆ ಮೆಷರಬಲ್ ಅಂತ ಅಚ್ಚು ಹಾಕಿಸುವವಳು ನಿಮ್ಮಲ್ಲಿ ಇದ್ದಾಳೆ ಅಂತ ಪುಟಸಂಖ್ಯೆ ಸಮೇತ ತೋರಿಸಿದ್ದೇನೆ. ಇಂಥವಳನ್ನು ಮನೆಮನೆಗೆ ಕಳಿಸಿ ಚೆನ್ನಾಗಿರುವ ಮಕ್ಕಳನ್ನು ಕಿವುಡರು ಅಂತ ಹೆದರಿಸುತ್ತಿದ್ದೀರಿ ಅಂತಲೂ ಬರೆದಿದ್ದೇನೆ. ಅವಳ ತಾಯಿ ಅಂತ ಸಹಿ ಹಾಕಿಲ್ಲ. ನಿವೃತ್ತ ಶಿಕ್ಷಕಿ ಅಂತ ಹಾಕಿದ್ದೇನೆ.

ರುಕ್ಮಿಣಮ್ಮ


ನೆಲಮಂಗಲ
14 ಜನವರಿ 2024

ಅಮ್ಮ,

ನಿನ್ನ ಪತ್ರವನ್ನು ಹರಿಪ್ರಸಾದ್ ಸರ್ ಸೋಮವಾರದ ಮೀಟಿಂಗಿನಲ್ಲಿ ಎಲ್ಲರ ಎದುರಿಗೆ ಓದಿದರು. ನಿನ್ನ ಇಂಗ್ಲಿಷನ್ನು ಎಲ್ಲರೂ ಮೆಚ್ಚಿದರು. ಒಂದು ತಪ್ಪೂ ಇರಲಿಲ್ಲ. ನಾನು ನಿಂತೇ ಕೇಳಿದೆ, ಬೆಂಚು ಮಾತ್ರ ಇರಲಿಲ್ಲ.

ಈಗ ನನಗೆ ವರದಿ ಬರೆಯುವ ಕೆಲಸವಿಲ್ಲ, ಮನೆಗಳಿಗೆ ಹೋಗುವ ಕೆಲಸವೂ ಇಲ್ಲ. ಸ್ಟೋರ್ ರೂಮಿನಲ್ಲಿ ಕೂತು ಕಿವಿಯ ಮಿಷನ್ನಿಗೆ ಬ್ಯಾಟರಿ ಕೊಡುತ್ತೇನೆ. ಕಿಟಕಿಯಿಂದ ಗೋಡೌನುಗಳ ಮುಂದೆ ಸಾಲುಗಟ್ಟಿದ ಲಾರಿಗಳು ಕಾಣುತ್ತವೆ, ಒಂದೇ ಸಮ ಹಾರ್ನು. ಕೇಳಿಸಿಕೊಂಡು ಕೂತಿರುತ್ತೇನೆ.

ಈ ಊರಿನಿಂದ ಆ ಊರಿಗೆ ಬಸ್ಸಿನಲ್ಲಿ ಬಂದು ಮಗುವನ್ನು ಎತ್ತಿಕೊಂಡು ಬಂದುಬಿಡಬಹುದು ಅಂತ ಎಷ್ಟೋ ಸಲ ಅನ್ನಿಸಿದೆ. ಅಪ್ಪ ಅಮ್ಮನ ಸಹಿ ಇಲ್ಲದೆ ಯಾವ ಡಾಕ್ಟರೂ ಮುಟ್ಟುವುದಿಲ್ಲ. ನಂದನ್ ನಿನ್ನ ಮುಖ ನೋಡದೆ ಸಹಿ ಹಾಕುವುದಿಲ್ಲ. ಅವನನ್ನು ಹಾಗೆ ಬೆಳೆಸಿದ್ದು ನೀನೇ.

ಇನ್ನು ನೀನು ಕೇಳುವವರೆಗೂ ನಾನು ಬರೆಯುವುದಿಲ್ಲ. ಚಿನ್ನಿಗೆ ನಾಲ್ಕು ತುಂಬುವುದು ಸೆಪ್ಟೆಂಬರ್ ಇಪ್ಪತ್ತಕ್ಕೆ. ತಾರೀಖಾದರೂ ಮೆಷರಬಲ್ ಅಂತ ಒಪ್ಪುತ್ತೀಯ ಅಂದುಕೊಂಡಿದ್ದೇನೆ.

ಚೌಡೇಶ್ವರಿ


ಮಧುರೆ
17 ನವೆಂಬರ್ 2024

ಚೌಡೇಶ್ವರಿ ಅಕ್ಕನಿಗೆ ಬಿಂದುಶ್ರೀ ಮಾಡುವ ನಮಸ್ಕಾರ.

ನಾನು ಹೆರಿಗೆಗೆ ಅಂತ ತವರಿಗೆ ಬಂದಿದ್ದೇನೆ ಅಕ್ಕ. ಚಿನ್ನಿಯೂ ಜೊತೆಗಿದ್ದಾಳೆ. ಅಮ್ಮನ ಫೋನಿನಿಂದ ಮಾಡಬಹುದಿತ್ತು, ನಿಮ್ಮ ದನಿ ಕೇಳಿದರೆ ಅಳು ಬಂದುಬಿಡುತ್ತೆ, ಹೇಳಬೇಕಾದ್ದು ಹೇಳೋಕಾಗಲ್ಲ. ಅದಕ್ಕೆ ಬರೆಯುತ್ತಿದ್ದೇನೆ. ನನ್ನ ಬರವಣಿಗೆ ಚೆನ್ನಾಗಿಲ್ಲ, ಅತ್ತೆ ನೋಡಿದರೆ ಎಲ್ಲ ಕೆಂಪು ಮಾಡಿಬಿಡುತ್ತಾರೆ.

ಫೆಬ್ರವರಿಯಲ್ಲಿ ನಮ್ಮ ಬೀದಿಯ ಬಚ್ಚಪ್ಪ ತಾತ ತೀರಿಕೊಂಡರು. ನಿಮಗೇ ಗೊತ್ತಲ್ಲ, ಹೆಣ ಬೀದಿ ದಾಟುವವರೆಗೂ ಯಾವ ಮನೆಯಲ್ಲೂ ಮಗ್ಗ ಹಾಕೋ ಹಾಗಿಲ್ಲ. ಅವರ ಮಗ ದೂರದಿಂದ ಬರಬೇಕಿತ್ತು, ಅವತ್ತು ಸಂಜೆವರೆಗೂ ಬೀದಿಯೆಲ್ಲ ನಿಶ್ಶಬ್ದ. ಹಬ್ಬದ ದಿನವಾದರೂ ಜನ ಗಲಾಟೆ ಮಾಡುತ್ತಾರೆ, ಅವತ್ತು ಅದೂ ಇಲ್ಲ.

ಚಿನ್ನಿ ಮಗ್ಗದ ಮನೆಯಲ್ಲಿ ಬೆನ್ನು ಹಾಕಿ ಕೂತಿದ್ದಳು. ಅತ್ತೆ ಬಾಗಿಲಲ್ಲಿ ನಿಂತು "ಚಿನ್ನೀ" ಅಂತ ಕೂಗಿದರು. ಮಗು ತಿರುಗಲಿಲ್ಲ. ಗಟ್ಟಿಯಾಗಿ ಕೂಗಿದರು. ಚಪ್ಪಾಳೆ ತಟ್ಟಿದರು. ಆಮೇಲೆ ಮೆಲ್ಲಗೆ ಹತ್ತಿರ ಹೋಗಿ, ತಲೆ ಹಿಂದೆನೇ ನಿಂತು, ಕ್ಲಾಸಲ್ಲಿ ಕೂಗ್ತಿದ್ದರಲ್ಲ ಆ ದನಿಯಲ್ಲಿ ಕೂಗಿದರು. ನಾನು ಕಾಫಿ ಹಿಡಿದು ಬಾಗಿಲಲ್ಲಿದ್ದೆ, ಬೆಚ್ಚಿ ಕಾಫಿ ಚೆಲ್ಲಿಕೊಂಡೆ. ಮಗು ಅಲ್ಲಾಡಲಿಲ್ಲ ಅಕ್ಕ.

ಅತ್ತೆ ತಿರುಗಿ ನನ್ನ ನೋಡಿದರು. ನಾನು ನೋಡಿದ್ದನ್ನ ಅವರು ನೋಡಿದರು. "ಮಗೀಗೆ ನಿದ್ದೆ ಬಂದಂಗದೆ, ಒಳಕ್ಕೆ ಕರ್ಕೊಂಡೋಗು" ಅಂದರು. ಮಗು ಕಣ್ಣರಳಿಸಿಕೊಂಡು ಆಡುತ್ತಾ ಇತ್ತು. ಸಂಜೆ ಹೆಣ ಹೋದ ತಕ್ಷಣ ನಮ್ಮವರಿಗೆ "ಇನ್ನೂ ಯಾಕ್ಲಾ ನಿಂತಿದೀಯಾ, ಮಗ್ಗ ಹಾಕು" ಅಂದರು.

ಅವತ್ತಿಂದ ಅತ್ತೆ ಮಗುವನ್ನ ಹಿಂದಿನಿಂದ ಕರೆದೇ ಇಲ್ಲ. ಎದುರಿಗೆ ಹೋಗಿ, ಭುಜ ಮುಟ್ಟಿ, ಕೂತುಕೊಂಡು ಮಾತಾಡಿಸುತ್ತಾರೆ. ನೋಡಿದವರು ಅಜ್ಜಿಗೆ ಎಷ್ಟು ಪ್ರೀತಿ ಅನ್ನುತ್ತಾರೆ. ಅವರೇ ಇವತ್ತು ಹೇಳುತ್ತಾರೆ, ನಾಳೆ ಹೇಳುತ್ತಾರೆ ಅಂತ ನಾನು ಕಾದೆ. ನಾನೇ ಹೇಳಿದರೆ ಮನೆಯಲ್ಲಿ ಇರೋಕಾಗುತ್ತಾ? ಸೆಪ್ಟೆಂಬರಲ್ಲಿ ಹುಟ್ಟುಹಬ್ಬಕ್ಕೆ ಕೇಕ್ ತಂದರು. ನಾಲ್ಕು ಮೇಣದಬತ್ತಿ ಅತ್ತೆಯೇ ಹಚ್ಚಿದರು.

ಈಗ ಏನಾದರೂ ಮಾಡೋಕಾಗುತ್ತಾ ಅಕ್ಕ? ಮಧುರೆಯಿಂದ ನೆಲಮಂಗಲ ಹತ್ತಿರ. ನೀವು ಹೂಂ ಅಂದರೆ ನಾಳೆಯೇ ಬರುತ್ತೇನೆ.

ನಿಮ್ಮ,
ಬಿಂದುಶ್ರೀ


ನೆಲಮಂಗಲ
12 ಡಿಸೆಂಬರ್ 2024

ಅಮ್ಮ,

ನೀನು ಕೇಳುವವರೆಗೂ ಬರೆಯುವುದಿಲ್ಲ ಅಂದಿದ್ದೆ. ಮಾತು ಮುರಿಯುತ್ತಿದ್ದೇನೆ.

ಬಿಂದುಶ್ರೀ ತುಂಬು ಬಸುರಿ, ಬಸ್ಸಿನಲ್ಲಿ ನಿಂತುಕೊಂಡೇ ಚಿನ್ನಿಯನ್ನು ಕರೆತಂದಳು. ಪರೀಕ್ಷೆ ಆಯಿತು. ಬಲಗಿವಿ ತೊಂಬತ್ತೈದು ಡೆಸಿಬೆಲ್. ಎಡಗಿವಿ ಯಂತ್ರದ ಕೊನೆಯವರೆಗೂ ಉತ್ತರವಿಲ್ಲ. ಅಂದರೆ ಏನು ಅಂತ ನಿನಗೆ ತಿಳಿಯುವ ಹಾಗೆ ಹೇಳುತ್ತೇನೆ. ಆರು ಮಗ್ಗವೂ ಓಡುತ್ತಿರುವಾಗ ಆ ಸದ್ದು ಅವಳ ಬಲಗಿವಿಗೆ ಒಂದು ಪಿಸುಮಾತು. ಎಡಗಿವಿಗೆ ಅದೂ ಇಲ್ಲ.

ಆಪರೇಷನ್ನಿಗೆ ಹರಿಪ್ರಸಾದ್ ಸರ್ ಸ್ವತಃ ಕೇಳಿಕೊಂಡರು. ಹಣ ಕೊಡುವವರು ನಾಲ್ಕು ತುಂಬಿದೆ ಅಂದರು, ಮುಗಿಯಿತು. ದೊಡ್ಡ ಆಸ್ಪತ್ರೆಯಲ್ಲಿ ಹೆಸರು ಬರೆಸಿದ್ದೇವೆ, ಮುಂದೆ ತುಂಬ ಮಕ್ಕಳಿದ್ದಾರೆ. ಎರಡೂವರೆಗೆ ಮಾಡಿಸಿದ್ದರೆ ಇವಳು ಶಾಲೆಗೆ ಸೇರುವಾಗ ಎಲ್ಲರ ಹಾಗೆ ಮಾತಾಡುತ್ತಿದ್ದಳು ಅಂತ ಡಾಕ್ಟರಮ್ಮ ಹೇಳಿದರು. ಈಗ ಮಾಡಿಸಿದರೂ ಮಾತು ಎಷ್ಟು ಬರುತ್ತದೋ ಹೇಳಲಾರೆ ಅಂದರು. ಅವರು ಬಳಸಿದ ಪದ ಕೇಳಬೇಕೇ? ಮೆಷರಬಲ್ ಲಾಸ್. ಪರೀಕ್ಷೆಯ ಹಾಳೆ ಇದರ ಜೊತೆಗಿದೆ, ಸಂಖ್ಯೆಗಳಿವೆ, ಯಂತ್ರದ ಹೆಸರಿದೆ, ತಾರೀಖಿದೆ. ತಿದ್ದಲು ಏನಾದರೂ ಸಿಕ್ಕರೆ ತಿದ್ದು.

ಬಚ್ಚಪ್ಪ ತಾತ ತೀರಿಕೊಂಡ ದಿನದ ವಿಷಯ ನನಗೆ ಗೊತ್ತಾಗಿದೆ. ಮೊದಲು ಅಳೆದಾಗ ನೀನು ತಪ್ಪು ಮಾಡಿದೆ, ಅದು ಯಾರು ಬೇಕಾದರೂ ಮಾಡುವಂಥದ್ದು, ಅಲ್ಲಿ ಹುಟ್ಟಿ ಬೆಳೆದ ನನಗೇ ಹೊಳೆಯಲು ಒಂದು ವಾರ ಬೇಕಾಯಿತು. ಅವತ್ತು ನೀನು ಸರಿಯಾಗಿ ಅಳೆದೆ. ಅಳೆದು, ಮಗ್ಗ ಹಾಕಿಸಿದೆ.

ಬಿಂದುಶ್ರೀ ಹೆರಿಗೆ ಆದಮೇಲೂ ದೊಡ್ಡಬಳ್ಳಾಪುರಕ್ಕೆ ಬರುವುದಿಲ್ಲವಂತೆ. ನಾನು ಬೇಡ ಅನ್ನಲಿಲ್ಲ.

ಚೌಡೇಶ್ವರಿ


ದೊಡ್ಡಬಳ್ಳಾಪುರ
2 ಫೆಬ್ರವರಿ 2025

ಪ್ರೀತಿಯ ಚೌಡೇಶ್ವರಿ,

ಪರೀಕ್ಷೆಯ ಹಾಳೆ ನೋಡಿದೆ. ತಿದ್ದಲು ಏನೂ ಇಲ್ಲ.

ಗಂಡುಮಗು ಹುಟ್ಟಿದೆಯಂತೆ, ನಂದನ್ ಹೋಗಿ ನೋಡಿಕೊಂಡು ಬಂದ. ಮಗ್ಗದ ಮುಂದೆ ನಿಂತರೆ ರಾತ್ರಿಯವರೆಗೂ ನಿಂತಿರುತ್ತಾನೆ. ಮಧುರೆಯಲ್ಲೇ ಮನೆ ಮಾಡುತ್ತೇನೆ ಅಂತ ತುಟಿಯಲ್ಲಿ ಹೇಳಿದ. ನಾನು ಓದಲಿಲ್ಲ ಅನ್ನುವ ಹಾಗೆ ಇದ್ದುಬಿಟ್ಟೆ.

ಚಿನ್ನಿಯ ಕಂಡಿಕೆಗಳು ಇನ್ನೂ ಅವಳು ಜೋಡಿಸಿದ ಸಾಲಿನಲ್ಲೇ ಇವೆ. ಕಸ ಗುಡಿಸುವಾಗ ಅವನ್ನು ಬಿಟ್ಟು ಗುಡಿಸುತ್ತೇನೆ. ನಾನು ಕೆಟ್ಟದ್ದು ಬಯಸಿದವಳಲ್ಲ ಅಂತ ನಿನಗೆ ಗೊತ್ತು. ಮಗುವಿಗೆ ಹೆಸರು ಬೀಳಬಾರದು ಅಂತ ಮಾಡಿದೆ. ಹೇಳಬೇಕು ಅಂತ ಎಷ್ಟೋ ಸಲ ಕಾಗದ ತೆಗೆದೆ, ನಿನಗೆ ಹೇಗೆ ಬರೆಯುವುದು ಅಂತ ತಿಳಿಯಲಿಲ್ಲ. ಸ್ವಲ್ಪ ತಡವಾಯಿತು, ಅಷ್ಟೇ. ಅದನ್ನೇ ಹಿಡಿದುಕೊಂಡು ಇಡೀ ಮನೆಯನ್ನು ಒಡೆಯಬೇಡ. ಬಿಂದುಶ್ರೀಗೆ ನೀನು ಹೇಳಿದರೆ ಕೇಳುತ್ತಾಳೆ, ಮಗುವನ್ನು ಕರೆದುಕೊಂಡು ಬಾ ಅಂತ ಹೇಳು. ಕೈಸನ್ನೆಯ ಭಾಷೆಗೆ ಪುಸ್ತಕವಿದ್ದರೆ ಕಳಿಸು, ನಾನು ಕಲಿಯುತ್ತೇನೆ.

ನಿನ್ನ ಅಮ್ಮ


ನೆಲಮಂಗಲ
11 ಫೆಬ್ರವರಿ 2025

ಅಮ್ಮ,

ನಿನ್ನ ಪತ್ರ ವಾಪಸ್ ಕಳಿಸುತ್ತಿದ್ದೇನೆ. ಕೆಂಪು ಪೆನ್ನು ಆಫೀಸಿನಲ್ಲಿ ಸಿಕ್ಕಿತು.

ಒಂದೇ ಪದಕ್ಕೆ ಸುತ್ತು ಹಾಕಿದ್ದೇನೆ, "ಸ್ವಲ್ಪ". ಎಷ್ಟು?

ತಿದ್ದಿ ಬರೆದು ಕಳಿಸು.

ಚೌಡೇಶ್ವರಿ


ದೊಡ್ಡಬಳ್ಳಾಪುರ
9 ಮಾರ್ಚ್ 2025

ಚೌಡೇಶ್ವರಿ,

ಏಳು ತಿಂಗಳು ತಡವಾಯಿತು.

ಬಚ್ಚಪ್ಪ ತೀರಿಕೊಂಡ ದಿನದಿಂದ ಚಿನ್ನಿಗೆ ನಾಲ್ಕು ತುಂಬಿದ ದಿನದವರೆಗೆ ಲೆಕ್ಕ ಹಾಕಿದ್ದೇನೆ. ಅದಕ್ಕೆ ಮೊದಲಿನ ತಿಂಗಳುಗಳನ್ನು ಸೇರಿಸಿಲ್ಲ, ಆಗ ನನಗೆ ಗೊತ್ತಿರಲಿಲ್ಲ. ನೀನು ಹೇಳಿದ್ದೆ, ನಾನು ನಂಬಲಿಲ್ಲ. ಸೇರಿಸಬೇಕು ಅಂದರೆ ಸೇರಿಸಿಕೋ. ಗೊತ್ತಿದ್ದೂ ಸುಮ್ಮನಿದ್ದದ್ದು ಏಳು ತಿಂಗಳು. ಮೊದಲ ತಿಂಗಳು ನಿನ್ನ ಎದುರು ಸೋಲಬಾರದು ಅಂತ ಸುಮ್ಮನಿದ್ದೆ. ಆಮೇಲಿನದ್ದು, ಇಷ್ಟು ದಿನ ಯಾಕೆ ಹೇಳಲಿಲ್ಲ ಅಂತ ಕೇಳುತ್ತಾರಲ್ಲ, ಅದಕ್ಕೆ. ಹುಟ್ಟುಹಬ್ಬದ ದಿನ ಮೇಣದಬತ್ತಿ ಹಚ್ಚುವಾಗ, ಇನ್ನು ಹೇಳುವ ಅಗತ್ಯವೇ ಇಲ್ಲ ಅಂತ ಒಂದು ಗಳಿಗೆ ನೆಮ್ಮದಿಯಾಯಿತು. ಅದನ್ನೂ ಬರೆದುಬಿಟ್ಟೆ.

ಕಳೆದ ಭಾನುವಾರ ನಂದನ್ ಚಿನ್ನಿಯನ್ನು ಕರೆದುಕೊಂಡು ಬಂದಿದ್ದ, ಸಂಜೆಯೊಳಗೆ ವಾಪಸ್ ಬಿಡಬೇಕು ಅಂತ ಮಾತು ಕೊಟ್ಟು ಬಂದಿದ್ದನಂತೆ. ಬಂದ ಕೂಡಲೇ ಮಗು ತನ್ನ ಜಾಗದಲ್ಲಿ, ನೆಲದ ಮೇಲೆ, ಕಂಡಿಕೆಗಳ ಮುಂದೆ ಕೂತಳು. ನಂದನ್ ಹೊರಗೆ ನೂಲು ಇಳಿಸಿಕೊಳ್ಳುತ್ತಿದ್ದ. ಮಗ್ಗ ಓಡುತ್ತಿದ್ದವು. ನನಗೆ ಅವಳನ್ನು ಹೆಸರು ಹಿಡಿದು ಕರೆಯಬೇಕು ಅನ್ನಿಸಿತು. ಎದ್ದು ಹೋಗಿ ಮೈನ್ ಸ್ವಿಚ್ಚು ಆರಿಸಿದೆ. ತಿರುಗಿದಳು. ನನ್ನನ್ನು ನೋಡಿ ನಕ್ಕಳು. ಅಜ್ಜಿ ಕರೆದಳು, ಏನೋ ಹೇಳುತ್ತಾಳೆ ಅಂತ ನನ್ನ ತುಟಿಯನ್ನೇ ನೋಡುತ್ತ ಕೂತಳು. ಮತ್ತೆ ಮಗ್ಗ ಹಾಕಿದೆ. ಮತ್ತೆ ಆರಿಸಿದೆ. ಪ್ರತಿ ಸಲವೂ ತಿರುಗಿದಳು. ಎಷ್ಟು ಸಲ ಅಂತ ಎಣಿಸಲಿಲ್ಲ. ಅದಕ್ಕೆ ಅಂಕ ಕಳೆಯಬಹುದು ನೀನು.

ಇನ್ನು ಏನು ತಿದ್ದಬೇಕು ಹೇಳು, ತಿದ್ದುತ್ತೇನೆ. ಮಗು ತಿಂಗಳಿಗೊಂದು ಸಲವಾದರೂ ಬರಲಿ.

ಅಮ್ಮ


ನೆಲಮಂಗಲ
17 ಮಾರ್ಚ್ 2025

ಅಮ್ಮ,

ಈ ಸಲ ಎಲ್ಲೂ ತಪ್ಪಿಲ್ಲ. ಹತ್ತಕ್ಕೆ ಹತ್ತು.

ಇನ್ನು ಬರೆಯಬೇಡ.

ಚೌಡೇಶ್ವರಿ